ಅಂಬಲಿ ಮೀನು ಕುಟುಕಿದರೆ: ಅಪಾಯವೆಷ್ಟು, ಮಾಡಬೇಕಾದುದೇನು?

ಅಂಬಲಿ ಮೀನು, ಲೋಳೆ ಮೀನು ಎಂದು ಕರೆದರೂ ಜೆಲ್ಲಿಫಿಶ್ ಮೀನಲ್ಲ. ಅದಕ್ಕೆ ಎಲುಬಿಲ್ಲ, ಮಿದುಳಿಲ್ಲ, ಹೃದಯವೂ ಇಲ್ಲ. ದೇಹದ ಬಹುಪಾಲು ನೀರೇ. ನಮ್ಮ ಮೀನುಗಾರ ಕುಟುಂಬಗಳಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಬಲೆ ಎಳೆದ ಕೈ ಉರಿಯುವುದು, ಅದೇ ಕೈಯಿಂದ ಕಣ್ಣುಜ್ಜಿಕೊಂಡು ಒದ್ದಾಡುವುದು ಅವರಿಗೆ ಹೊಸತಲ್ಲ. ರಜೆಯಲ್ಲಿ ಮಕ್ಕಳನ್ನು ಸಮುದ್ರ ತೀರಕ್ಕೆ ಕರೆದೊಯ್ಯುವ ಹೆತ್ತವರು, ಕ್ರೈಸ್ತ ಶಿಕ್ಷಣದ ಶಿಕ್ಷಕರು ಹಾಗೂ ಯುವಜನರ ಶಿಬಿರ ನಡೆಸುವವರನ್ನು ಮುಖ್ಯವಾಗಿ ಗಮನದಲ್ಲಿಟ್ಟು ಈ ಮಾಹಿತಿ ನೀಡುತ್ತಿದ್ದೇವೆ.

ಜೆಲ್ಲಿಫಿಶ್ ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ. ಅದರ ಕೆಳಗೆ ಇಳಿಬಿದ್ದ ಎಳೆಗಳ ತುಂಬ ಸೂಕ್ಷ್ಮವಾದ ಕುಟುಕು ಕಣಗಳಿರುತ್ತವೆ. ಪ್ರತಿಯೊಂದರಲ್ಲೂ ಸುರುಳಿ ಸುತ್ತಿದ ವಿಷದ ದಾರ. ಚರ್ಮ ತಾಗಿದೊಡನೆ ಅದು ಚಿಮ್ಮಿ ಚುಚ್ಚುತ್ತದೆ. ಎಳೆ ತುಂಡಾಗಿದ್ದರೂ, ಪ್ರಾಣಿ ಸತ್ತು ಮರಳಿನ ಮೇಲೆ ಬಿದ್ದಿದ್ದರೂ ಈ ಕಣಗಳು ಕೆಲಸ ಮಾಡಬಲ್ಲವು.

ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಗಾಳಿಗೆ ದಡ ಸೇರುವ 'ನೀಲಿ ಬಾಟಲಿ' ಬಗ್ಗೆ ವಿಶೇಷ ಎಚ್ಚರ ಬೇಕು. 2018ರ ಆಗಸ್ಟ್‌ನಲ್ಲಿ ಮುಂಬೈಯ ಜುಹು ತೀರದಲ್ಲಿ ಅನೇಕರು ಇದರ ಕುಟುಕಿಗೆ ಒಳಗಾದರು. ನಿಜವಾಗಿ ಇದು ಜೆಲ್ಲಿಫಿಶ್ ಕೂಡ ಅಲ್ಲ, ಒಟ್ಟಾಗಿ ಬದುಕುವ ಪುಟ್ಟ ಜೀವಿಗಳ ಗುಂಪು. ನೀಲಿ ಬಣ್ಣದ ಗಾಳಿಚೀಲ ಪುಗ್ಗೆಯಂತೆ ಚೆಂದ ಕಾಣುವುದರಿಂದ ಮಕ್ಕಳು ಕೈ ಹಾಕುತ್ತಾರೆ. ಚಾಟಿಯ ಬರೆಯಂತಹ ಕೆಂಪು ಗೆರೆ, ತೀವ್ರ ಉರಿ ಸಾಮಾನ್ಯ. ಪ್ರಾಣಾಪಾಯ ತೀರಾ ವಿರಳ.

ಪ್ರಾಣ ತೆಗೆಯುವ ಜಾತಿಗಳೂ ಇವೆ. ಉತ್ತರ ಆಸ್ಟ್ರೇಲಿಯಾದ ಪೆಟ್ಟಿಗೆ ಜೆಲ್ಲಿಫಿಶ್‌ನ ವಿಷ ಹೆಚ್ಚು ಪ್ರಮಾಣದಲ್ಲಿ ತಗುಲಿದರೆ ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲಬಹುದು. 1955ರಲ್ಲಿ ಅಲ್ಲಿನ ಕಾರ್ಡ್‌ವೆಲ್‌ನಲ್ಲಿ ಐದು ವರ್ಷದ ಬಾಲಕನೊಬ್ಬ ಸತ್ತ ಬಳಿಕವೇ ಈ ಜಾತಿ ಗುರುತಿಸಲ್ಪಟ್ಟಿತು. ಅದಕ್ಕಿಂತ ಬಹಳ ಚಿಕ್ಕದಾದ ಇನ್ನೊಂದನ್ನು 1961ರಲ್ಲಿ ಡಾ. ಜ್ಯಾಕ್ ಬಾರ್ನ್ಸ್ ಪತ್ತೆ ಮಾಡಿದರು. ಸಾಬೀತುಪಡಿಸಲು ತನಗೂ, ಒಬ್ಬ ಜೀವರಕ್ಷಕನಿಗೂ, ಒಂಬತ್ತು ವರ್ಷದ ಸ್ವಂತ ಮಗನಿಗೂ ಕುಟುಕಿಸಿಕೊಂಡರು. ಮೂವರೂ ಆಸ್ಪತ್ರೆ ಸೇರಿದರು! ವಿಜ್ಞಾನಕ್ಕೆ ಲಾಭವಾಯಿತು ನಿಜ, ಆ ತಂದೆಯನ್ನು ಮೆಚ್ಚಲು ಮಾತ್ರ ನಮಗೆ ಮನಸ್ಸು ಬಾರದು. ಅದರ ಕುಟುಕು ಮೊದಲಿಗೆ ಅಲ್ಪವೆನಿಸಿ, ಸುಮಾರು ಅರ್ಧ ಗಂಟೆಯ ಬಳಿಕ ಅಸಹನೀಯ ಬೆನ್ನುನೋವು, ವಾಂತಿ ತರುತ್ತದೆ. ಪೆಟ್ಟಿಗೆ ಜೆಲ್ಲಿಫಿಶ್‌ಗಳ ಬೇರೆ ಜಾತಿಗಳು ಭಾರತದ ಕಡಲಲ್ಲೂ ದಾಖಲಾಗಿರುವುದರಿಂದ, ಕುಟುಕಿಸಿಕೊಂಡವರನ್ನು ಕೂಡಲೇ ಒಬ್ಬರೇ ಮನೆಗೆ ಕಳುಹಿಸಬಾರದು.

ಉಪಚಾರದಲ್ಲಿ ನಡೆಯುವ ತಪ್ಪುಗಳೇ ಹೆಚ್ಚು. ಮರಳಿನಿಂದ ಉಜ್ಜುವುದು, ಮೂತ್ರ ಹೊಯ್ಯುವುದು, ಬಾವಿ ನೀರಿನಿಂದ ತೊಳೆಯುವುದು ಬೇಡ. ಇವುಗಳಿಂದ ಉಳಿದ ಕಣಗಳೂ ಸಿಡಿಯಬಹುದು. ಮೊದಲು ನೀರಿನಿಂದ ಹೊರಗೆ ತಂದು ಸಮುದ್ರದ ನೀರಿನಿಂದಲೇ ತೊಳೆಯಿರಿ. ಅಂಟಿದ ಎಳೆಗಳನ್ನು ಚಿಮಟದಿಂದ ಅಥವಾ ಕೈಗವಸು ಹಾಕಿಕೊಂಡು ತೆಗೆಯಿರಿ. ಬಳಿಕ ತಾಳಿಕೊಳ್ಳುವಷ್ಟು ಬಿಸಿಯಾದ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ 20 ನಿಮಿಷ ಅದ್ದಿಡಬೇಕು. ನೀರನ್ನು ಮೊದಲು ನಿಮ್ಮ ಕೈಯಲ್ಲೇ ಪರೀಕ್ಷಿಸಿ. ಆಸ್ಟ್ರೇಲಿಯಾದಲ್ಲಿ ನೀಲಿ ಬಾಟಲಿ ಕುಟುಕಿದ 96 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿನೀರು ಬಳಸಿದವರಲ್ಲಿ ಶೇ. 87 ಮಂದಿಗೆ ನೋವು ಇಳಿದರೆ ಮಂಜುಗಡ್ಡೆ ಇಟ್ಟವರಲ್ಲಿ ಇಳಿದದ್ದು ಶೇ. 33 ಮಂದಿಗೆ ಮಾತ್ರ.

ವಿನೆಗರ್ ಎಲ್ಲದಕ್ಕೂ ಮದ್ದೆಂಬ ನಂಬಿಕೆಯೂ ಇದೆ. ಪೆಟ್ಟಿಗೆ ಜೆಲ್ಲಿಫಿಶ್‌ಗೆ ಅದು ಉಪಯುಕ್ತ, ಆದರೆ ನೀಲಿ ಬಾಟಲಿಯ ಕುಟುಕಿಗೆ ಆಸ್ಟ್ರೇಲಿಯಾದ ಮಾರ್ಗಸೂಚಿಗಳು ಅದನ್ನು ಬೇಡವೆನ್ನುತ್ತವೆ.

ಉಸಿರಾಟದ ತೊಂದರೆ, ಎದೆನೋವು, ಪದೇ ಪದೇ ವಾಂತಿ, ಮುಖ ಊದಿಕೊಳ್ಳುವುದು ಕಂಡುಬಂದರೆ, ಕಣ್ಣಿಗೆ ತಗುಲಿದ್ದರೆ ಅಥವಾ ಚಿಕ್ಕ ಮಗುವಿನ ಮೈಮೇಲೆ ವ್ಯಾಪಕವಾಗಿ ಬರೆ ಬಿದ್ದಿದ್ದರೆ ಬಿಸಿನೀರಿಗಾಗಿ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಮಕ್ಕಳ ತಂಡ ನೀರಿಗಿಳಿಯುವ ಮೊದಲು ಹಿರಿಯರೊಬ್ಬರು ದಡದುದ್ದಕ್ಕೂ ನಡೆದು ನೋಡಲಿ. ಮರಳಿನ ಮೇಲೆ ನೀಲಿ ಪುಗ್ಗೆಗಳು ಬಿದ್ದಿದ್ದರೆ ಆ ದಿನದ ಆಟ ದಡದ ಮೇಲೆಯೇ, ಅದೂ ಚಪ್ಪಲಿ ಹಾಕಿಕೊಂಡು.