ಆರ್‌ಸಿ ಕೈಗೆ ಬಂದರೆ ಹಳೆ ಟ್ರ್ಯಾಕ್ಟರ್ ನಿಮ್ಮದಾಯಿತೇ? ದುಡ್ಡು ಕೊಡುವ ಮೊದಲು ಇದನ್ನು ಓದಿ

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಗೊಬ್ಬೂರ, ಅಫಜಲಪುರ, ಆಳಂದ, ಜೇವರ್ಗಿ ಕಡೆ ಹಳೆ ಟ್ರ್ಯಾಕ್ಟರ್‌ಗಳ ಮಾತು ಶುರುವಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ನಾಲ್ಕು ಫೋಟೊ, ಒಂದು ರೇಟು, ಕೆಳಗೆ ಒಂದು ಸಾಲು: ‘ಪೇಪರ್ ಎಲ್ಲಾ ಕ್ಲಿಯರ್ ಇದೆ, ಬಾಂಡ್ ಮಾಡಿಕೊಂಡು ಗಾಡಿ ತಗೊಂಡು ಹೋಗಿ’.

ಹೊಸದಕ್ಕೆ ಹೋಲಿಸಿದರೆ ಅರ್ಧ ಬೆಲೆಗೆ ಸಿಗುತ್ತದೆ ಎಂದು ಕೊಂಡವರಿಗೆ ಆರು ತಿಂಗಳ ಮೇಲೆ ಫೈನಾನ್ಸ್ ಕಂಪನಿಯವರು ಮನೆ ಮುಂದೆ ನಿಂತಾಗ ಗೊತ್ತಾಗುತ್ತದೆ, ‘ಕ್ಲಿಯರ್’ ಎಂಬುದು ಮಾರಿದವರ ಬಾಯಿಮಾತಾಗಿತ್ತು ಎಂದು. ಹಾಗಾದರೆ ಗಾಡಿ ನಿಜವಾಗಿ ಕ್ಲಿಯರ್ ಇದೆಯೇ ಎಂದು ತಿಳಿಯುವುದು ಹೇಗೆ?

ಹೇಳಿಕೆ ಏನು?

ಮಾಲೀಕರ ಆರ್‌ಸಿ ಕೈಗೆ ಬಂದು, ಬಾಂಡ್ ಪೇಪರ್ ಮೇಲೆ ಸಹಿಯಾಗಿ, ಇಬ್ಬರು ಸಾಕ್ಷಿಗಳಿದ್ದರೆ ಗಾಡಿ ಕೊಂಡವರದ್ದು. ಆರ್‌ಟಿಒದಲ್ಲಿ ಹೆಸರು ಬದಲಾವಣೆ ಯಾವಾಗ ಬೇಕಾದರೂ ಮಾಡಿಸಬಹುದು.

ನಿಜ ಏನು?

ಇದು ಅರ್ಧ ಸತ್ಯ, ಹಾಗಾಗಿಯೇ ಅಪಾಯ. ಬಾಂಡ್ ಪೇಪರ್ ನಿಮ್ಮಿಬ್ಬರ ನಡುವೆ ವ್ಯವಹಾರ ನಡೆದಿದೆ ಎಂಬುದಕ್ಕೆ ಸಾಕ್ಷಿ, ಅಷ್ಟೇ. ಗಾಡಿಯ ಮೇಲೆ ಸಾಲವಿದ್ದರೆ ಅದನ್ನು ಆ ಕಾಗದ ತೀರಿಸುವುದಿಲ್ಲ. ಕದ್ದ ಗಾಡಿಯಾದರೆ ಅದನ್ನು ಸಾಚಾ ಮಾಡುವುದೂ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮಿನ ತಿರುಳು ಇಷ್ಟು: ಮಾರುವವರ ಬಳಿ ಎಷ್ಟು ಹಕ್ಕಿದೆಯೋ ಸಾಮಾನ್ಯವಾಗಿ ಅಷ್ಟೇ ಕೊಳ್ಳುವವರಿಗೆ ಸಿಗುತ್ತದೆ. ಅವರಿಗೇ ಇಲ್ಲದ ಹಕ್ಕನ್ನು ನೀವು ಪೂರ್ತಿ ದುಡ್ಡು ಕೊಟ್ಟರೂ ಪಡೆಯಲಾರಿರಿ.

ಇನ್ನು ಹೆಸರು ಬದಲಾವಣೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ಗಾಡಿ ಅದೇ ರಾಜ್ಯದೊಳಗೆ ಕೈ ಬದಲಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರುವವರದ್ದು ಫಾರ್ಮ್ 29. ವರ್ಗಾವಣೆಯ ಅರ್ಜಿ ಫಾರ್ಮ್ 30. ‘ಯಾವಾಗ ಬೇಕಾದರೂ’ ಎಂಬ ಮಾತು ಕಾನೂನಿನಲ್ಲಿ ಇಲ್ಲ.

ಸಾಲ ಇರುವ ಗಾಡಿ: ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ

ಬ್ಯಾಂಕ್ ಅಥವಾ ಫೈನಾನ್ಸ್ ಸಾಲದಲ್ಲಿ ಕೊಂಡ ಟ್ರ್ಯಾಕ್ಟರ್‌ನ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರೂ ಇರುತ್ತದೆ. ಇದಕ್ಕೆ ಹೈಪೋಥಿಕೇಶನ್ ಎನ್ನುತ್ತಾರೆ, ಆಡುಮಾತಿನಲ್ಲಿ ಎಚ್‌ಪಿ. ಈ ನಮೂದು ಇರುವವರೆಗೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಆರ್‌ಟಿಒ ಹೆಸರು ಬದಲಾಯಿಸುವಂತಿಲ್ಲ. ಕಾಯ್ದೆಯ 51ನೇ ಕಲಮು ಇದನ್ನು ನೇರವಾಗಿ ಹೇಳುತ್ತದೆ.

‘ಕಂತು ಎಲ್ಲಾ ಮುಗಿದಿದೆ, ಎಚ್‌ಪಿ ತೆಗೆಸುವುದೊಂದು ಬಾಕಿ’ ಎಂದು ಮಾರುವವರು ಹೇಳಬಹುದು. ಅದು ನಿಜವೂ ಇರಬಹುದು. ಆದರೆ ಸಾಲ ತೀರಿದ ಮಾತ್ರಕ್ಕೆ ನಮೂದು ತಾನಾಗಿ ಹೋಗಿದೆ ಎಂದುಕೊಳ್ಳಬೇಡಿ. ಸಾಲ ಕೊಟ್ಟವರ ಎನ್‌ಒಸಿ ಮತ್ತು ಇಬ್ಬರೂ ಸಹಿ ಮಾಡಿದ ಫಾರ್ಮ್ 35 ಆರ್‌ಟಿಒಗೆ ಸೇರಿ, ದಾಖಲೆಯಲ್ಲಿ ನಮೂದು ತೆಗೆದುಹಾಕಿದ್ದು ಕಾಣಬೇಕು. ಎನ್‌ಒಸಿಯ ಜೆರಾಕ್ಸ್ ತೋರಿಸಿದರೆ ಅದನ್ನು ಹಿಡಿದು ಆ ಬ್ಯಾಂಕ್ ಶಾಖೆಗೇ ಹೋಗಿ ಕೇಳಿ. ಅದರಲ್ಲಿ ಅಚ್ಚಾದ ಫೋನ್ ನಂಬರಿಗೆ ಕರೆ ಮಾಡಿ ಸುಮ್ಮನಾಗಬೇಡಿ. ಕಾಗದ ನಕಲಿಯಾದರೆ ನಂಬರೂ ನಕಲಿಯೇ.

ಪಿಎಲ್‌ಡಿ ಬ್ಯಾಂಕ್ ಮುಂತಾದ ಕಡೆ ಟ್ರ್ಯಾಕ್ಟರ್ ಸಾಲಕ್ಕೆ ಹೊಲವನ್ನೂ ಅಡ ಹಾಕಿಸಿಕೊಳ್ಳುವುದುಂಟು. ಆಗ ಮಾರುವವರ ಪಹಣಿಯ ಋಣಗಳ ಕಾಲಮಿನಲ್ಲಿ ಬೋಜಾ ಕಾಣುತ್ತದೆ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಜಾಲತಾಣದಲ್ಲಿ ಪಹಣಿ ನೋಡಬಹುದು. ಬೋಜಾ ಇದ್ದ ಮಾತ್ರಕ್ಕೆ ಅದು ಟ್ರ್ಯಾಕ್ಟರ್ ಸಾಲವೇ ಎಂದಲ್ಲ, ಬೆಳೆಸಾಲವೂ ಇರಬಹುದು. ಯಾವ ಸಾಲ ಎಂದು ಕೇಳಲು ಮಾತ್ರ ಅದೊಂದು ಕಾರಣ.

ಯಾವ ದಾಖಲೆಯಲ್ಲೂ ಕಾಣದ ಸಾಲವೂ ಉಂಟು: ಆರ್‌ಸಿಯನ್ನು ಯಾರ ಬಳಿಯೋ ಒತ್ತೆ ಇಟ್ಟು ತಂದ ಕೈಗಡ. ಆರ್‌ಸಿ ‘ಡೂಪ್ಲಿಕೇಟ್’ ಆಗಿದ್ದರೆ, ಅದರಲ್ಲೂ ಇತ್ತೀಚೆಗೆ ಮಾಡಿಸಿದ್ದಾದರೆ, ಮೂಲ ಆರ್‌ಸಿ ಏನಾಯಿತು ಎಂದು ಕೇಳಿ. ಊರಲ್ಲೂ ನಾಲ್ಕು ಜನರನ್ನು ವಿಚಾರಿಸಿ.

ಫೋನಿನಲ್ಲೇ ಮಾಡಬಹುದಾದ ತಪಾಸಣೆ

ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಮಾಲೀಕರ ಹೆಸರಿನ ಕೆಲವು ಅಕ್ಷರ ಮರೆಯಾಗಿರುತ್ತವೆ, ಆದರೂ ಹೋಲಿಸಲು ಸಾಕು. ನೋಡಬೇಕಾದ್ದು ಇವು:

• ಆರ್‌ಸಿ ಸಕ್ರಿಯವಾಗಿದೆಯೇ, ಅವಧಿ ಎಲ್ಲಿಯವರೆಗೆ ಇದೆ
• ಹೈಪೋಥಿಕೇಶನ್ ಅಥವಾ ಫೈನಾನ್ಸರ್ ಹೆಸರು ಇದೆಯೇ
• ಕಪ್ಪುಪಟ್ಟಿಗೆ ಸೇರಿದೆಯೇ
• ವಿಮೆ ಚಾಲ್ತಿಯಲ್ಲಿದೆಯೇ

ಇದೇ ವ್ಯವಸ್ಥೆಯ ಇ-ಚಲನ್ ಪುಟದಲ್ಲಿ ಬಾಕಿ ದಂಡ ನೋಡಿ. ಕದ್ದ ಗಾಡಿಯೇ ಎಂಬ ಅನುಮಾನವಿದ್ದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ್’ ಸೇವೆ ಇದೆ.

ಮಾರುವವರ ಆರ್‌ಸಿಯನ್ನು ಅವರ ಫೋನಿನ ಡಿಜಿಲಾಕರ್‌ನಲ್ಲಿ ನಿಮ್ಮ ಎದುರಿಗೇ ತೆರೆದು ತೋರಿಸಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆರ್‌ಸಿ ಫೋಟೊ ನಂಬಬೇಡಿ. ಅದನ್ನು ತಿದ್ದಲು ಐದು ನಿಮಿಷ ಸಾಕು.

ಒಂದು ಎಚ್ಚರಿಕೆ: ‘ಆರ್‌ಟಿಒ ಚಲನ್’, ‘ಪರಿವಾಹನ್’ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲ್‌ಗಳನ್ನು ಒತ್ತಬೇಡಿ. ಫೋನಿಗೆ ಬರುವ ಒಟಿಪಿ ಕದ್ದು ಬ್ಯಾಂಕ್ ಖಾತೆ ಬರಿದು ಮಾಡುವ ಮೋಸದ ಆ್ಯಪ್‌ಗಳು ಹೀಗೆಯೇ ಬರುತ್ತವೆ. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರ್‌ನಿಂದಲೇ ಇಳಿಸಿಕೊಳ್ಳಿ.

ಗಾಡಿಯ ಎದುರು ನಿಂತು ನೋಡಬೇಕಾದ್ದು

ಫೋನಿನಲ್ಲಿ ಕಂಡ ದಾಖಲೆ ಈ ಟ್ರ್ಯಾಕ್ಟರ್‌ನದ್ದೇ ಎಂಬುದಕ್ಕೆ ಗುರುತು ಚಾಸಿ ನಂಬರ್ ಮತ್ತು ಎಂಜಿನ್ ನಂಬರ್. ಎಣ್ಣೆ, ಮಣ್ಣು ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಆರ್‌ಸಿಯ ಒಂದೊಂದು ಅಂಕಿಗೂ ಹೊಂದಿಸಿ ನೋಡಿ. ಅಕ್ಷರ ಉಜ್ಜಿದ್ದರೆ, ಮೇಲೆ ಮತ್ತೆ ಕೊರೆದಂತೆ ಕಂಡರೆ, ನಂಬರ್ ಇರುವ ಜಾಗಕ್ಕೆ ವೆಲ್ಡಿಂಗ್ ಬಿದ್ದಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ.

ಟ್ರಾಲಿ ಮರೆಯಬೇಡಿ. ಟ್ರ್ಯಾಕ್ಟರ್‌ಗೆ ಒಂದು ನೋಂದಣಿ, ಟ್ರಾಲಿಗೆ ಬೇರೆಯದೇ ನೋಂದಣಿ. ‘ಟ್ರಾಲಿ ಸಮೇತ’ ಎಂದು ಮಾರುವ ಕಡೆ ಎರಡೂ ಆರ್‌ಸಿ ಕೇಳಿ. ಊರ ವರ್ಕ್‌ಶಾಪಿನಲ್ಲಿ ಮಾಡಿಸಿ ನೋಂದಣಿಯನ್ನೇ ಮಾಡಿಸದ ಟ್ರಾಲಿಯಾದರೆ ನಿಮ್ಮ ಹೆಸರಿಗೆ ವರ್ಗಾಯಿಸಲು ದಾಖಲೆಯೇ ಇರುವುದಿಲ್ಲ. ಅದರಲ್ಲಿ ಕಬ್ಬು ತುಂಬಿಕೊಂಡು ಹೋಗುವಾಗ ಅಪಘಾತವಾದರೆ ವಿಮೆಯ ತಕರಾರು ನಿಮ್ಮ ತಲೆಗೇ ಬರುತ್ತದೆ.

ಸೊಲ್ಲಾಪುರದ ಗಾಡಿ ಅಗ್ಗ. ಆದರೆ?

ನಮ್ಮ ಗಡಿಗೆ ಸೊಲ್ಲಾಪುರ ಹತ್ತಿರ. ಹಾಗಾಗಿ ಎಂಎಚ್ 13 ನಂಬರಿನ ಗಾಡಿಗಳು ಈ ಕಡೆ ಮಾರಾಟಕ್ಕೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಅವನ್ನು ಕೊಳ್ಳಬಾರದು ಎಂದೇನೂ ಇಲ್ಲ. ಆದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್, ಅಂದರೆ ಕಲಬುರಗಿಯಾದರೆ ಕೆಎ 32, ಪಡೆಯಲೇಬೇಕು. ಇಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟು ಎಂದು ಆರ್‌ಟಿಒದಲ್ಲಿ ಮೊದಲೇ ಕೇಳಿ, ಬೆಲೆಗೆ ಕೂಡಿಸಿ ಲೆಕ್ಕ ಹಾಕಿ. ಎನ್‌ಒಸಿ ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ.

ಆರ್‌ಸಿಯಲ್ಲಿರುವವರು ಬೇರೆ, ಮಾರುತ್ತಿರುವವರು ಬೇರೆ

ತಂದೆ ತೀರಿಹೋಗಿದ್ದಾರೆ, ಮಗ ಮಾರುತ್ತಿದ್ದಾರೆ. ಹಳ್ಳಿಗಳಲ್ಲಿ ಇದು ಸಾಮಾನ್ಯ. ಮೊದಲು ಫಾರ್ಮ್ 31ರ ಮೂಲಕ ಗಾಡಿ ವಾರಸುದಾರರ ಹೆಸರಿಗೆ ಬರಲಿ, ಆಮೇಲೆ ನಿಮ್ಮ ಹೆಸರಿಗೆ. ಅಣ್ಣತಮ್ಮಂದಿರು, ತಾಯಿ, ಅಕ್ಕತಂಗಿಯರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆಯಿರಿ. ನಾಳೆ ಅವರ ಪಾಲಿನ ಜಗಳದಲ್ಲಿ ಟ್ರ್ಯಾಕ್ಟರ್ ನಿಮ್ಮ ಅಂಗಳದಿಂದ ಹೊರಡಬಾರದು.

ಬ್ಯಾಂಕ್ ಹರಾಜಿನಲ್ಲಿ ಸರ್ಕಾರ ಅಥವಾ ಅದರ ಪರವಾಗಿ ನಡೆಯುವ ಹರಾಜಿನಲ್ಲಿ ಕೊಂಡಿದ್ದಕ್ಕೆ ಬೇರೆ ಕಾಗದಗಳಿವೆ. ಹರಾಜು ಪತ್ರ ಇಲ್ಲದೆ ‘ಹರಾಜಿನ ಗಾಡಿ’ ಎಂದರೆ ನಂಬಬೇಡಿ.

ಮಾರುತ್ತಿರುವವರು ಡೀಲರ್ ಆದರೆ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ಕೇಳಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಹಳೆ ಗಾಡಿಗಳ ಡೀಲರ್‌ಗಳು ಅಧಿಕಾರ ಪತ್ರ ಪಡೆಯಬೇಕು. ಮಾಲೀಕರು ಗಾಡಿಯನ್ನು ಅವರಿಗೆ ಒಪ್ಪಿಸಿದ್ದನ್ನೂ ಆರ್‌ಟಿಒಗೆ ತಿಳಿಸಬೇಕು.

ಹಣ ಯಾವ ಕ್ರಮದಲ್ಲಿ ಕೊಡಬೇಕು?

ಉದಾಹರಣೆಗೆ, ಟ್ರ್ಯಾಕ್ಟರ್ ಬೆಲೆ 4 ಲಕ್ಷ, ಅದರ ಮೇಲೆ 1.5 ಲಕ್ಷ ಸಾಲ ಬಾಕಿ ಇದೆ ಎನ್ನಿ.

1. ಸಂಚಕಾರ ಚಿಕ್ಕದಿರಲಿ. ಬ್ಯಾಂಕ್ ಮೂಲಕ ಕೊಡಿ, ಮಾತುಕತೆಯನ್ನು ಬರೆದಿಡಿ.
2. ಇಬ್ಬರೂ ಕೂಡಿ ಸಾಲ ಕೊಟ್ಟ ಶಾಖೆಗೆ ಹೋಗಿ. ಬಾಕಿ ಎಷ್ಟೆಂದು ಬರೆದು ಪಡೆಯಿರಿ.
3. ಆ 1.5 ಲಕ್ಷವನ್ನು ಮಾರುವವರ ಕೈಗಲ್ಲ, ನೇರ ಸಾಲದ ಖಾತೆಗೆ ಕಟ್ಟಿ.
4. ಸಾಲ ತೀರಿದ ಪತ್ರ, ಎನ್‌ಒಸಿ, ಸಹಿಯಾದ ಫಾರ್ಮ್ 35 ಪಡೆಯಿರಿ.
5. ಫಾರ್ಮ್ 29, 30ಕ್ಕೆ ಸಹಿ ಮಾಡಿಸಿ, ಅರ್ಜಿ ಸಲ್ಲಿಸಿದ ರಸೀದಿ ಬಂದ ಮೇಲೆ ಉಳಿದದ್ದು ಕೊಡಿ. ಹೆಸರು ಬದಲಾಗುವವರೆಗೆ ಸ್ವಲ್ಪ ಮೊತ್ತ ಉಳಿಸಿಕೊಳ್ಳುವ ಮಾತು ಮೊದಲೇ ಆಗಿರಲಿ.

ವಿಮೆಗೂ ಗಡುವಿದೆ. ಗಾಡಿ ಕೊಂಡ 14 ದಿನದೊಳಗೆ ವಿಮಾ ಕಂಪನಿಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಮೂರನೆಯವರಿಗೆ ಆದ ಹಾನಿಯ ವಿಮೆ ಗಾಡಿಯ ಜೊತೆ ಬರುತ್ತದೆ. ಆದರೆ ನಿಮ್ಮ ಗಾಡಿಗೇ ಆದ ನಷ್ಟಕ್ಕೆ ಪರಿಹಾರ ಬೇಕಿದ್ದರೆ ವಿಮೆಯಲ್ಲಿ ನಿಮ್ಮ ಹೆಸರು ಇರಬೇಕು.

ಮಾರುವವರಿಗೂ ಇದು ಅಷ್ಟೇ ಮುಖ್ಯ

‘ಮಾರಿ ಆಯಿತು, ಇನ್ನು ನನಗೇನು?’ ಎನ್ನುವವರು 2018ರ ಸುಪ್ರೀಂ ಕೋರ್ಟ್ ತೀರ್ಪು ತಿಳಿದಿರಬೇಕು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಆ ಪ್ರಕರಣದಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತ ಹೋಗಿತ್ತು, ಆರ್‌ಟಿಒ ದಾಖಲೆಯಲ್ಲಿ ಮಾತ್ರ ಹಳೆ ಹೆಸರೇ ಇತ್ತು. ಅಪಘಾತವಾದಾಗ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಕೋರ್ಟ್ ಹೇಳಿತು. ಹೆಸರು ಬದಲಾಯಿಸದೆ ಬಿಟ್ಟ ಟ್ರ್ಯಾಕ್ಟರ್ ಯಾರದೋ ಹೊಲದಲ್ಲಿ ಓಡುತ್ತಿದ್ದರೂ ಅದರ ಹೊಣೆ ನಿಮ್ಮ ಮನೆಯಲ್ಲೇ ಇರುತ್ತದೆ.

ಒಟ್ಟಾರೆ

‘ಆರ್‌ಸಿ ಮತ್ತು ಬಾಂಡ್ ಇದ್ದರೆ ಗಾಡಿ ಕ್ಲಿಯರ್’ ಎಂಬುದು ದಾರಿ ತಪ್ಪಿಸುವ ಮಾತು. ಮಾಲೀಕರು ಯಾರು, ಸಾಲ ಇದೆಯೇ, ನಂಬರ್ ಹೊಂದುತ್ತದೆಯೇ, ದಂಡ ಅಥವಾ ಕೇಸು ಬಾಕಿ ಇದೆಯೇ ಎಂಬ ನಾಲ್ಕಕ್ಕೂ ದಾಖಲೆಯಿಂದ ಉತ್ತರ ಸಿಗಬೇಕು. ‘ಇವತ್ತೇ ದುಡ್ಡು ಕೊಡಿ, ನಾಳೆ ಬೇರೆಯವರು ಒಯ್ಯುತ್ತಾರೆ’ ಎಂದು ಅವಸರ ಮಾಡಿದರೆ ಒಯ್ಯಲಿ ಬಿಡಿ. ಮುಂದಿನ ವಾರ ಇನ್ನೊಂದು ಟ್ರ್ಯಾಕ್ಟರ್ ಮಾರಾಟಕ್ಕೆ ಬರುತ್ತದೆ. ಕೊಟ್ಟ ದುಡ್ಡು ತಿರುಗಿ ಬರುವುದು ಅಷ್ಟು ಸುಲಭವಲ್ಲ.