ಪೌತಿ ಖಾತೆ, ಉಯಿಲು ಮತ್ತು ಮಗಳ ಪಾಲು

ಮನೆಯ ಯಜಮಾನ ತೀರಿಕೊಂಡು ಹನ್ನೊಂದನೆಯ ದಿನದ ತಿಥಿ ಮುಗಿಯಿತೆಂದರೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಪೌತಿ ಖಾತೆ’ಯದು. ‘ಫೌತ್’ ಎಂದರೆ ಸಾವು. ಪಾರಸಿ ಆಡಳಿತ ಭಾಷೆಯಿಂದ ಕಂದಾಯ ಕಚೇರಿಗೆ ಬಂದು ಕನ್ನಡದ್ದೇ ಆಗಿಹೋದ ಮಾತಿದು. ಸತ್ತವರ ಹೆಸರಿನಲ್ಲಿದ್ದ ಜಮೀನನ್ನು ದಾಖಲೆಯಲ್ಲಿ ವಾರಸುದಾರರ ಹೆಸರಿಗೆ ಬದಲಾಯಿಸುವುದೇ ಪೌತಿ ಖಾತೆ.

ಬೆಂಗಳೂರಿನ ಪೂರ್ವಕ್ಕಿರುವ ಗರುಡಾಚಾರ್‌ಪಾಳ್ಯದಂತಹ ಊರುಗಳಲ್ಲಿ ಈ ಪ್ರಶ್ನೆಯ ತೂಕವೇ ಬದಲಾಗಿದೆ. ಒಂದು ಕಾಲಕ್ಕೆ ಮೈಸೂರು ಸಂಸ್ಥಾನದ ಹಳ್ಳಿಯಾಗಿದ್ದ ಈ ಊರು ಮುಂದೆ ಮಹಾನಗರ ಪಾಲಿಕೆಯ ವಾರ್ಡ್ ಆಯಿತು. 2023ರ ಮಾರ್ಚ್‌ನಲ್ಲಿ ಇಲ್ಲಿಗೆ ಮೆಟ್ರೊ ಬಂತು. ರಾಗಿ ಬೆಳೆಯುವ ಹೊಲದಲ್ಲಿ ಅಕ್ಕತಂಗಿಯರ ಪಾಲನ್ನು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಹೊಲ ನಿವೇಶನವಾದಾಗ ಪ್ರತಿ ಅಡಿಗೂ ಲೆಕ್ಕ ಬಂತು.

ಮಗಳಿಗೆ ಪಾಲು ಎಂಬ ಮಾತು ಇಲ್ಲಿ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1933ರಲ್ಲಿಯೇ, ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ಜಾರಿಗೆ ತಂದಿತು. ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ತಾಯಿ, ವಿಧವೆ ಹಾಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಸಿಗಬೇಕೆಂದು ಅದು ಹೇಳಿತು. ಆದರೆ ಈ ಕಾನೂನು ಸಂಸ್ಥಾನದ ಗಡಿಯೊಳಗೆ ಮಾತ್ರ. ಕೆಲವೇ ಮೈಲಿ ಪಶ್ಚಿಮಕ್ಕಿದ್ದ ಹಲಸೂರು ಮತ್ತು ದಂಡು ಪ್ರದೇಶ 1947ರ ಜುಲೈವರೆಗೂ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದವು. ಹಳ್ಳಿಯ ಮಗಳಿಗೆ ಮಹಾರಾಜರ ಕಾನೂನು, ದಂಡಿನ ಮಗಳಿಗೆ ಬೇರೆ ಕಾನೂನು!

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಈ ಭೇದವನ್ನು ಅಳಿಸಿತು. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು ಮತ್ತು ತಾಯಿಗೆ ಸಮಪಾಲು ಎಂದಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಾತ್ರ ಮಗನಂತೆ ಮಗಳಿಗೆ ಹುಟ್ಟಿನಿಂದ ಹಕ್ಕು ಬರಲಿಲ್ಲ. ಕರ್ನಾಟಕ ಆ ಹಕ್ಕನ್ನು ಕೊಟ್ಟದ್ದು 1994ರ ಜುಲೈ 30ರಂದು. ಅದೂ ಆ ದಿನದೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆದುಹಾಕಿತು. ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕೇ ಎಂಬ ಜಿಜ್ಞಾಸೆ ಉಳಿಯಿತು. ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2015 ಮತ್ತು 2018ರಲ್ಲಿ ಹೊಂದಾಣಿಕೆಯಾಗದ ತೀರ್ಪುಗಳನ್ನು ನೀಡಿತು. ಕೊನೆಗೆ 2020ರ ಆಗಸ್ಟ್‌ನಲ್ಲಿ, ತಂದೆ ಬದುಕಿರಬೇಕಾಗಿಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಇತ್ಯರ್ಥಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಗಿಹೋದ ವಿಭಾಗವನ್ನು ಮತ್ತೆ ಕೆದಕುವಂತಿಲ್ಲ.

ಕಾನೂನು ಇಷ್ಟು ದೂರ ನಡೆದು ಬಂದರೂ ಹಕ್ಕು ಕೈಜಾರುವುದು ಕಚೇರಿಯ ಮೇಜಿನ ಮುಂದೆ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಸಲ್ಲಿಸಿದ ಮೇಲೆ ಖಾತೆ ಬದಲಾಗುತ್ತದೆ. ಎಷ್ಟೋ ಮನೆಗಳಲ್ಲಿ ‘ಹಿರಿಯವನ ಹೆಸರಿಗೆ ಇರಲಿ’ ಎಂದು ಒಬ್ಬನ ಹೆಸರನ್ನಷ್ಟೇ ಬರೆಸುವುದುಂಟು. ಅಕ್ಕತಂಗಿಯರು ಅರಿಶಿನ ಕುಂಕುಮದ ಹೆಸರಿನಲ್ಲಿ ಅಷ್ಟಿಷ್ಟು ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದೂ ಉಂಟು. ಇವೆರಡೂ ಒಂದೇ ಅಲ್ಲ. ಖಾತೆ ಇರುವುದು ಕಂದಾಯ ವಸೂಲಿಗಾಗಿ. ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಪಹಣಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಮಗಳ ಪಾಲು ಹೋಗದು. ಆದರೆ ನೋಂದಣಿಯಾದ ಬಿಡುಗಡೆ ಪತ್ರಕ್ಕೆ ತಿಳಿದೇ ಸಹಿ ಹಾಕಿದರೆ ಪಾಲು ಹೋದಂತೆಯೇ.

ಇನ್ನು ಉಯಿಲಿನ ಮಾತು. ಉಯಿಲು ಅಸಲಿಯೆಂದು ನ್ಯಾಯಾಲಯ ಪರಿಶೀಲಿಸಿ ಮೊಹರು ಹಾಕಿಕೊಡುವುದಕ್ಕೆ ‘ಪ್ರೊಬೇಟ್’ ಎನ್ನುತ್ತಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಹಿಂದೂಗಳಿಗೆ ಇದು ಕಡ್ಡಾಯವಾಗಿದ್ದದ್ದು ಮುಖ್ಯವಾಗಿ ಕಲ್ಕತ್ತಾ, ಮದರಾಸು ಮತ್ತು ಮುಂಬಯಿಗೆ ಸಂಬಂಧಿಸಿದ ಉಯಿಲುಗಳಿಗೆ. ಆ ನಗರಗಳ ಹಳೆಯ ಬ್ರಿಟಿಷ್ ನ್ಯಾಯಾಲಯಗಳ ಪರಂಪರೆಯೇ ಇದಕ್ಕೆ ಕಾರಣ. ಬೆಂಗಳೂರಿನಲ್ಲಿರುವ ಆಸ್ತಿಗೆ ಬೆಂಗಳೂರಿನಲ್ಲೇ ಬರೆದ ಹಿಂದೂ ಉಯಿಲಿಗೆ ಆ ಕಟ್ಟು ಇರಲಿಲ್ಲ. ಭಾರತೀಯ ಕ್ರೈಸ್ತರಿಗೆ 2002ರಲ್ಲಿ ವಿನಾಯಿತಿ ದೊರೆಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಪ್ರೊಬೇಟ್ ಕಡ್ಡಾಯವೆನ್ನುವ 213ನೇ ಕಲಮನ್ನೇ ಕೈಬಿಟ್ಟಿತು.

ಹಾಗೆಂದು ಉಯಿಲನ್ನು ಹೇಗೆ ಬೇಕಾದರೂ ಬರೆಯಬಹುದೆಂದಲ್ಲ. ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದಿನ ತಕರಾರಿನಲ್ಲಿ ನೆರವಾಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆ ತನ್ನ ಪಾಲನ್ನು ಮಾತ್ರ ಬರೆದುಕೊಡಬಲ್ಲ, ಮಗಳ ಪಾಲನ್ನಲ್ಲ.

ಉಯಿಲು ಬರೆಯುವುದೆಂದರೆ ಸಾವನ್ನು ಕರೆದಂತೆ ಎಂದು ಅಂಜುವವರು ಇಂದಿಗೂ ಇದ್ದಾರೆ. ಬರೆಯದೆ ಹೋದವರ ಆಸ್ತಿಯೂ ಹಂಚಿಕೆಯಾಗಲೇಬೇಕು. ಹಂಚುವ ಕೆಲಸ ಮಾತ್ರ ಮನೆಯಿಂದ ನ್ಯಾಯಾಲಯಕ್ಕೆ ಹೋಗಬಹುದು. ಅಣ್ಣತಮ್ಮಂದಿರು, ಅಕ್ಕತಂಗಿಯರು ವಾದಿ ಪ್ರತಿವಾದಿಗಳಾಗಿ ನಿಲ್ಲುವುದು ಆಗಲೇ. ಯಜಮಾನ ಬದುಕಿರುವಾಗಲೇ ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು, ಯಾವುದು ಸ್ವಂತದ್ದು, ಯಾವುದು ಹಿರಿಯರದ್ದು ಎಂದು ಕಾಗದಪತ್ರ ತೆರೆದು ಹೇಳುವುದಕ್ಕೆ ಖರ್ಚೇನೂ ತಗಲದು. ಹಾಗೆ ಕೂರಿಸುವಾಗ ಮದುವೆಯಾಗಿ ಹೋದ ಮಗಳನ್ನೂ ಕರೆಯಬೇಕು, ಅಷ್ಟೆ.