ಕಾರವಾರದ ಕಡಲದಂಡೆಯಲ್ಲಿ ಮಂತ್ರವಿಚಾರ

ಮನನ ಮಾಡುವವನನ್ನು ಕಾಪಾಡುವುದು ಯಾವುದೋ ಅದೇ ಮಂತ್ರವೆಂದು ಪ್ರಾಚೀನರು ಆ ಶಬ್ದವನ್ನು ಬಿಡಿಸಿ ಹೇಳಿದ್ದಾರೆ. ನಿರ್ವಚನವು ಸರಳವಾಗಿಯೇ ಇದೆ. ಆದರೆ ಅದರ ಒಡಲಿನಲ್ಲಿ ಒಂದು ಪ್ರಶ್ನೆ ಅಡಗಿದೆ. ಅರ್ಥವನ್ನರಿಯದೆ ಮನನವು ಸಾಧ್ಯವೆ? ಅರ್ಥವರಿಯದ ಸಂಸ್ಕೃತ ಮಂತ್ರವನ್ನು ಉಚ್ಚರಿಸುವುದರಿಂದ ಏನು ಫಲ? ಶ್ರೀಮಠಕ್ಕೆ ಬರುವ ವಿದ್ಯಾವಂತ ತರುಣರು ಈ ಪ್ರಶ್ನೆಯನ್ನು ಸಂಕೋಚದಿಂದ ಕೇಳುತ್ತಾರೆ. ಸಂಕೋಚಕ್ಕೆ ಕಾರಣವಿಲ್ಲ. ಈ ಪ್ರಶ್ನೆ ಬಹು ಹಳೆಯದು, ನಮ್ಮದೂ ಹೌದು.

ಬಾಲ್ಯದಲ್ಲಿ ಪಾಠಶಾಲೆಯ ಜಗುಲಿಯ ಮೇಲೆ ಕುಳಿತು ನಾವು ರುದ್ರಾಧ್ಯಾಯವನ್ನು ಕಂಠಸ್ಥ ಮಾಡಿದೆವು. ಒಂದು ಸ್ವರ ತಪ್ಪಿದರೂ ಗುರುಗಳು ಅನುವಾಕದ ಮೊದಲಿನಿಂದ ಮತ್ತೆ ಹೇಳಿಸುತ್ತಿದ್ದರು. ಅರ್ಥ ಕೇಳಿದರೆ, ಮೊದಲು ಬಾಯಿಗೆ ಬರಲಿ, ಅರ್ಥ ತಾನಾಗಿ ಬಂದೀತು ಎನ್ನುತ್ತಿದ್ದರು. ಮುಂದೆ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ತದ್ವಿರುದ್ಧವಾದ ಶಿಕ್ಷಣ ದೊರೆಯಿತು. ಅಲ್ಲಿ ಪ್ರತಿಪದಕ್ಕೂ ಅರ್ಥವಿತ್ತು, ವ್ಯಾಕರಣವಿತ್ತು. ಸ್ವರವೆತ್ತಿ ಪಠಿಸುವವರು ಮಾತ್ರ ಒಬ್ಬರೂ ಇರಲಿಲ್ಲ. ಈ ಎರಡು ಶಿಕ್ಷಣಗಳ ನಡುವೆ ನಮ್ಮ ಮನಸ್ಸು ಬಹುಕಾಲ ತೂಗಾಡಿದುದುಂಟು. ಉತ್ತರಕನ್ನಡದ ಕರಾವಳಿಯ ಇತಿಹಾಸವನ್ನು ಓದುವಾಗ ಈ ತೊಡಕು ಕೊಂಚ ಸಡಿಲಿತು. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲಿಗೆ ಈ ವಾದದ ಪೂರ್ವಚರಿತ್ರೆಯನ್ನು ನೋಡೋಣ. ಮಂತ್ರಗಳಿಗೆ ಅರ್ಥವೇ ಇಲ್ಲವೆಂದು ಸಾಧಿಸಹೊರಟವನು ಇಂದಿನ ನಾಸ್ತಿಕನಲ್ಲ. ಕೌತ್ಸನೆಂಬ ಪ್ರಾಚೀನ ಆಚಾರ್ಯ. ಅವನ ವಾದವನ್ನು ಯಾಸ್ಕರು ನಿರುಕ್ತದಲ್ಲಿ ಎತ್ತಿಕೊಂಡು ಖಂಡಿಸಿದ್ದಾರೆ. ಕುರುಡನಿಗೆ ಕಂಬ ಕಾಣದಿದ್ದರೆ ಅದು ಕಂಬದ ದೋಷವಲ್ಲ ಎಂಬುದು ಅವರ ಉತ್ತರದ ತಾತ್ಪರ್ಯ. ವೇದವನ್ನು ಕಲಿತೂ ಅರ್ಥವನ್ನರಿಯದವನು ಬರಿಯ ಭಾರವನ್ನು ಹೊತ್ತವನೆಂದೂ ಅಲ್ಲಿ ಹೇಳಿದೆ. ಅಂದಮೇಲೆ ಅರ್ಥವನ್ನು ಕೇಳುವುದು ಅಶ್ರದ್ಧೆಯಲ್ಲ, ಅದೂ ಸಂಪ್ರದಾಯವೇ.

ಆದರೆ ನಾದದ ಪಕ್ಷವೂ ದುರ್ಬಲವಾದುದಲ್ಲ. ಬರವಣಿಗೆಯ ನೆರವಿಲ್ಲದೆ ಮೂರು ಸಾವಿರ ವರ್ಷಗಳಷ್ಟು ದೀರ್ಘಕಾಲ ವೇದರಾಶಿ ಉಳಿದುಬಂದುದು ಹೇಗೆಂದು ವಿಚಾರಿಸಿರಿ. ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ ಎಂಬ ಆರು ಅಂಶಗಳನ್ನು ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ಉಚ್ಚಾರಣಶಾಸ್ತ್ರದ ಅಂಗಗಳಾಗಿ ಎಣಿಸುತ್ತದೆ. ಉದಾತ್ತ, ಅನುದಾತ್ತ, ಸ್ವರಿತಗಳ ಏರಿಳಿತದ ಜೊತೆಗೆ ಪದ, ಕ್ರಮ, ಜಟಾ, ಘನ ಮೊದಲಾದ ಪಾಠಕ್ರಮಗಳು ಬೆಳೆದವು. ಘನಪಾಠದಲ್ಲಿ ಪದಗಳು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂದು ಹಿಂದುಮುಂದಾಗಿ ಹೆಣೆದುಕೊಳ್ಳುತ್ತವೆ. ಒಂದು ಪದ ಜಾರಿದರೆ ಹೆಣಿಗೆಯೇ ತಪ್ಪುವುದರಿಂದ ದೋಷವು ಕೂಡಲೆ ಬಯಲಾಗುತ್ತದೆ. ಈ ವೇದಪಠನ ಪರಂಪರೆಯನ್ನು ಯುನೆಸ್ಕೋ ಸಂಸ್ಥೆ 2003ರಲ್ಲಿ ಮಾನವಕುಲದ ಅಮೂಲ್ಯ ಮೌಖಿಕ ಸಂಪತ್ತೆಂದು ಸಾರಿತು. ಅರ್ಥವನ್ನು ಬದಿಗಿಟ್ಟು ನಾದಕ್ಕೆ ಕಾವಲು ನಿಂತವರ ತಪಸ್ಸಿನ ಫಲವಿದು.

ಇನ್ನು ಕಾರವಾರಕ್ಕೆ ಬರೋಣ. 1862ರಲ್ಲಿ ಉತ್ತರಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಮುಂದೆ ಇಲ್ಲಿಗೆ ನ್ಯಾಯಾಧೀಶರಾಗಿ ಬಂದವರು ಸತ್ಯೇಂದ್ರನಾಥ ಠಾಕೂರರು, ಐ.ಸಿ.ಎಸ್. ಪದವಿಗೇರಿದ ಮೊದಲ ಭಾರತೀಯರು, ಗೀತೆಯನ್ನು ಬಂಗಾಳಿಗೆ ತಂದವರು. 1883ರಲ್ಲಿ ಅವರ ಮನೆಯಲ್ಲಿ ತಂಗಲು ಬಂದ ಕಿರಿಯ ತಮ್ಮನೇ ರವೀಂದ್ರನಾಥರು. ಆಗ ಅವರಿಗೆ ಇಪ್ಪತ್ತೆರಡರ ಪ್ರಾಯ. ಅರ್ಧಚಂದ್ರಾಕಾರದ ಕಡಲದಂಡೆ, ಗಾಳಿಮರಗಳ ತೋಪು, ಬೆಳದಿಂಗಳಲ್ಲಿ ಕಾಳೀನದಿಯ ಮೇಲೆ ದೋಣಿಯ ಪಯಣ, ಇವೆಲ್ಲವನ್ನೂ ಅವರು ತಮ್ಮ ಸ್ಮೃತಿಗ್ರಂಥದಲ್ಲಿ ಮನಸಾರೆ ನೆನೆದಿದ್ದಾರೆ.

ಅದೇ ಗ್ರಂಥದಲ್ಲಿ ಮಂತ್ರವನ್ನು ಕುರಿತ ಅಪೂರ್ವವಾದ ಒಂದು ಅನುಭವವೂ ಉಂಟು. ಕಾರವಾರಕ್ಕೆ ಬರುವ ಹತ್ತು ವರ್ಷ ಮೊದಲು, 1873ರಲ್ಲಿ, ತಂದೆ ದೇವೇಂದ್ರನಾಥರು ಅವರಿಗೆ ಉಪನಯನ ಮಾಡಿಸಿದರು. ಆ ಎಳೆಯ ವಯಸ್ಸಿನಲ್ಲಿ ಗಾಯತ್ರಿಯ ಅರ್ಥ ತಿಳಿಯುವಂತಿರಲಿಲ್ಲ. ಆದರೂ ಬಾಲಕನು ಅದನ್ನು ಏಕಾಗ್ರಚಿತ್ತದಿಂದ ಜಪಿಸುತ್ತಿದ್ದನು. ಭೂಃ, ಭುವಃ, ಸ್ವಃ ಎಂಬ ಶಬ್ದಗಳ ಆಸರೆಯಿಂದ ಮನಸ್ಸನ್ನು ಲೋಕದುದ್ದಕ್ಕೂ ಹರಡಲು ಯತ್ನಿಸುತ್ತಿದ್ದನು. ಒಂದು ದಿನ ಓದುವ ಕೋಣೆಯ ಮೂಲೆಯಲ್ಲಿ ಕುಳಿತು ಜಪಿಸುತ್ತಿರಲು ಕಣ್ಣುಗಳು ತಾವಾಗಿ ತುಂಬಿ ಹರಿದವು. ಏಕೆಂದು ಅವನಿಗೇ ತಿಳಿಯದು. ಅಂತರಂಗದ ಆಳದಲ್ಲಿ ನಡೆಯುವ ವ್ಯಾಪಾರವೆಲ್ಲವೂ ಬುದ್ಧಿಯ ಮೇಲ್ಪದರಕ್ಕೆ ಬಂದು ವರದಿ ಒಪ್ಪಿಸುವುದಿಲ್ಲ ಎಂಬುದೇ ಮುಂದೆ ಕವಿಯು ಇದರಿಂದ ತೆಗೆದ ಸಾರ. ನಮ್ಮ ಪಾಠಶಾಲೆಯ ಗುರುಗಳು ಹೇಳುತ್ತಿದ್ದುದೂ ಇದನ್ನೇ ಅಲ್ಲವೆ?

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕಾರವಾರದಲ್ಲಿ ಕುಳಿತು ರವೀಂದ್ರರು ಬರೆದ ನಾಟ್ಯಕಾವ್ಯ 'ಪ್ರಕೃತಿರ್ ಪ್ರತಿಶೋಧ', ಎಂದರೆ ಪ್ರಕೃತಿಯ ಪ್ರತೀಕಾರ. 1884ರಲ್ಲಿ ಅದು ಪ್ರಕಟವಾಯಿತು. ಗುಹೆಯಲ್ಲಿ ಕುಳಿತ ಸನ್ಯಾಸಿಯೊಬ್ಬ ಜಗತ್ತಿನ ಸಕಲ ಬಂಧಗಳನ್ನೂ ಕಡಿದೊಗೆದು ತಾನು ಮುಕ್ತನಾದೆನೆಂದು ತಿಳಿಯುತ್ತಾನೆ. ಊರವರು ಹೊಲೆಯೆಂದು ದೂರವಿಟ್ಟ ಅನಾಥ ಬಾಲೆಯೊಬ್ಬಳು ಅವನ ಆಶ್ರಯಕ್ಕೆ ಬರುತ್ತಾಳೆ. ಅವಳ ಮೇಲೆ ಮಮತೆ ಮೊಳೆಯುವುದನ್ನು ಕಂಡು ಸನ್ಯಾಸಿಯು ಬೆದರಿ ಓಡಿಹೋಗುತ್ತಾನೆ. ಕೊನೆಗೆ ದಂಡಕಮಂಡಲುಗಳನ್ನು ತೊರೆದು ಹುಡುಕಿಕೊಂಡು ಬರುವಷ್ಟರಲ್ಲಿ ಮಗು ಇನ್ನಿಲ್ಲ. ಅನಂತವು ಪರಿಮಿತದ ಒಳಗೇ ಇದೆಯೆಂಬ ಅರಿವು ಬಂತು. ಆದರೆ ತಡವಾಗಿ ಬಂತು.

ಕಾವಿಯನ್ನು ಧರಿಸಿದ ನಾವು ಈ ಕಥೆಯನ್ನು ಓದಿ ಸುಮ್ಮನಿರಲಾರೆವು. ಅರ್ಥವರಿಯದ ಜಪದಿಂದ ಕಣ್ಣೀರು ಬಂದುದು ನಿಜ. ಆದರೆ ಬಾಗಿಲಿಗೆ ಬಂದ ಮಗುವನ್ನು ಗುರುತಿಸದ ಸಾಧನೆ ವ್ಯರ್ಥವೆಂಬುದೂ ಅಷ್ಟೇ ನಿಜ. ಎರಡನ್ನೂ ಬರೆದ ಕೈ ಒಂದೇ.

ಕಾರವಾರದಿಂದ ದಕ್ಷಿಣಕ್ಕೆ ಹೊರಟು ಅಂಕೋಲೆಯನ್ನು ದಾಟಿದರೆ ಗಂಗಾವಳಿ ನದಿ ಕಡಲು ಸೇರುವುದನ್ನು ಕಾಣುತ್ತೇವೆ. ಘಟ್ಟದ ಮೇಲೆ ಬೇಡ್ತಿಯೆನಿಸಿಕೊಂಡ ನೀರೇ ಇದು. ಹೊಳೆಯ ಆಚೆ ಗೋಕರ್ಣಕ್ಷೇತ್ರ. ಕಾಳಿದಾಸನು ರಘುವಂಶದ ಎಂಟನೆಯ ಸರ್ಗದಲ್ಲಿ ವೀಣಾಪಾಣಿಯಾದ ನಾರದನನ್ನು ಇಲ್ಲಿಯ ಈಶ್ವರನ ಸೇವೆಗೆ ಕಳುಹಿಸಿದ್ದಾನೆ. ಮಹಾಬಲೇಶ್ವರನ ಸನ್ನಿಧಿಯಲ್ಲಿ ರುದ್ರಾಭಿಷೇಕ ಇಂದಿಗೂ ನಡೆಯುತ್ತದೆ.

ಆ ರುದ್ರದಲ್ಲಿ ಏನಿದೆ? ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆಯ ನಾಲ್ಕನೆಯ ಕಾಂಡ, ಐದನೆಯ ಪ್ರಪಾಠಕ ಅದು. ಅಲ್ಲಿ ಋಷಿಯು ಶಿವನಿಗೆ ನಮಿಸುವಾಗ ಬಡಗಿಯ ರೂಪಕ್ಕೆ ನಮಿಸುತ್ತಾನೆ. ರಥಕಾರ, ಕುಂಬಾರ, ಕಮ್ಮಾರ, ನಿಷಾದ, ಬೇಡರ ರೂಪಗಳಿಗೂ ನಮಿಸುತ್ತಾನೆ. ಕಳ್ಳರ ಒಡೆಯನಿಗೂ ಕೈಮುಗಿಯುತ್ತಾನೆ. ಇದನ್ನು ಸಾವಿರಾರು ವರ್ಷ ಒಂದು ಸ್ವರವೂ ಕೆಡದಂತೆ ಪಠಿಸಿದೆವು. ಅದೇ ಕಾಲದಲ್ಲಿ ಕುಂಬಾರನನ್ನೂ ನಿಷಾದನನ್ನೂ ಆ ಮಂತ್ರವನ್ನು ಕೇಳಗೊಡದೆ ಹೊರಗೆ ನಿಲ್ಲಿಸಿದೆವು! ನಾದವು ಶುದ್ಧವಾಗಿ ಉಳಿದೂ ಅರ್ಥವು ಕಿವಿಗೆ ಬೀಳದೆ ಹೋದುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕೆ? ಜಗುಲಿಯ ಮೇಲೆ ಕಂಠಪಾಠ ಮಾಡಿದ ಅನುವಾಕದ ಅರ್ಥವು ವರ್ಷಗಳ ಮೇಲೆ ತಿಳಿದ ದಿನ ನಮಗೆ ಆದುದು ಹರ್ಷವಷ್ಟೇ ಅಲ್ಲ, ಲಜ್ಜೆಯೂ ಹೌದು.

ಇದೇ ಪ್ರಪಾಠಕದ ಎಂಟನೆಯ ಅನುವಾಕದಲ್ಲಿ 'ನಮಃ ಶಿವಾಯ' ಎಂಬ ಐದಕ್ಷರಗಳು ಬರುತ್ತವೆ. ಹನ್ನೆರಡನೆಯ ಶತಮಾನದ ಶರಣರು ಮಾಡಿದ ಕಾರ್ಯವನ್ನು ಇಲ್ಲಿ ಗಮನಿಸಬೇಕು. ತತ್ತ್ವವನ್ನೆಲ್ಲ ಅಚ್ಚಗನ್ನಡದಲ್ಲಿ ಹೇಳಿದ ಆ ಮಹನೀಯರು ಮಂತ್ರವನ್ನು ಮಾತ್ರ ಬದಲಿಸಲಿಲ್ಲ. ಅದನ್ನು ಇದ್ದಂತೆಯೇ ತೆಗೆದುಕೊಂಡು ಕುಂಬಾರನ, ಅಂಬಿಗನ, ಮಾದಾರನ, ಹೆಂಗಸರ ಕಿವಿಯಲ್ಲಿ ಉಸುರಿದರು. ಅಷ್ಟಾವರಣಗಳಲ್ಲಿ ಮಂತ್ರಕ್ಕೆ ಸ್ಥಾನವಿತ್ತರು. ಓಂಕಾರದೊಡನೆ ಆರಾದ ಅಕ್ಷರಗಳು ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಆರು ಮೆಟ್ಟಿಲುಗಳೊಡನೆ ಹೊಂದಿಕೊಂಡವು. ನಾದವನ್ನು ಉಳಿಸಿದವರು ವೈದಿಕರಾದರೆ, ಆ ನಾದದ ಅರ್ಥವನ್ನು ಬದುಕಿನಲ್ಲಿ ಜಾರಿಗೆ ತಂದವರು ಶರಣರು. ಇಬ್ಬರ ಋಣವೂ ನಮ್ಮ ಮೇಲಿದೆ.

ಬಾಯಿಂದ ಕಿವಿಗೆ ಹರಿದುಬರುವ ವಿದ್ಯೆಯು ಸಂಸ್ಕೃತದ ಸೊತ್ತು ಮಾತ್ರವೆಂದು ಭಾವಿಸಲಾಗದು. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರಾಭ್ಯಾಸವಿಲ್ಲದೆಯೇ ಹಾಲಕ್ಕಿ ಒಕ್ಕಲಿಗರ ಸಹಸ್ರಾರು ಹಾಡುಗಳನ್ನು ಕಂಠದಲ್ಲಿ ಧರಿಸಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಹಾಡಿಗೆ ಮಾತ್ರ ನಿಲ್ಲದೆ, ಹಳ್ಳಿಗಳ ಸಂಸಾರಗಳನ್ನು ಕೆಡಿಸುತ್ತಿದ್ದ ಸಾರಾಯಿಯ ವಿರುದ್ಧವೂ ಆ ತಾಯಿ ಹೋರಾಡಿದರು. 2025ರಲ್ಲಿ ಅವರು ತೀರಿಕೊಂಡಾಗ ಒಂದು ಗ್ರಂಥಭಂಡಾರವೇ ಬರಿದಾದಂತಾಯಿತು. ಕಂಠದಲ್ಲಿದ್ದುದು ನಡತೆಯಲ್ಲಿಯೂ ಕಂಡ ಜೀವನವದು.

ಆದುದರಿಂದ ಶ್ರೀಮಠದ ಪೂರ್ವವಿದ್ಯಾರ್ಥಿಗಳಲ್ಲಿ ನಮ್ಮ ಒಂದು ಬಿನ್ನಹ. ಇಂದು ಯಂತ್ರದ ಗುಂಡಿಯನ್ನೊತ್ತಿದರೆ ಮನೆಯಲ್ಲಿ ರುದ್ರಘೋಷ ಮೊಳಗುತ್ತದೆ. ಅದು ಶ್ರವಣವೇ ಹೊರತು ಜಪವಲ್ಲ. ಗಟ್ಟಿಯಾಗಿ ನುಡಿಯುವ ವಾಚಿಕಕ್ಕಿಂತ ತುಟಿಯಲ್ಲಿಯೇ ನಡೆಯುವ ಉಪಾಂಶು ಮೇಲು, ಅದಕ್ಕಿಂತ ಮಾನಸಜಪ ಮೇಲು ಎಂದು ಸ್ಮೃತಿಕಾರರು ಹೇಳಿದುದರ ಮರ್ಮ, ಮಂತ್ರವು ಹೊರಗಿನಿಂದ ಒಳಗೆ ಇಳಿಯಬೇಕೆಂಬುದು. ಕಲಿತುದನ್ನು ಮರೆತಿದ್ದರೆ ಮತ್ತೆ ಬಾಯಿಗೆ ತಂದುಕೊಳ್ಳಿರಿ. ಮಕ್ಕಳಿಗೆ ನೀವೇ ಹೇಳಿಕೊಡಿರಿ. ಮಗು ಅರ್ಥ ಕೇಳಿದರೆ ಗದರಿಸಬೇಡಿರಿ, ಯಾಸ್ಕರನ್ನು ನೆನೆಯಿರಿ. ಅರ್ಥ ತಿಳಿಯುವ ಮೊದಲೇ ಅದರ ಕಣ್ಣು ತುಂಬಿದರೆ ನಗಬೇಡಿರಿ, ಬಾಲರವೀಂದ್ರರನ್ನು ನೆನೆಯಿರಿ. ಜಪ ನಡೆದಿರುವಾಗ ಬಾಗಿಲಿನಲ್ಲಿ ಯಾರಾದರೂ ಬಂದು ನಿಂತರೆ ಎದ್ದು ಹೋಗಿ ಬಾಗಿಲು ತೆರೆಯಿರಿ. ಮಂತ್ರವು ಅದರಿಂದ ಭಂಗವಾಗುವುದಿಲ್ಲ.